ನಕಾಶೆಯಲ್ಲಿರುವ ದಾರಿ ನೆಲದ ಮೇಲೇಕಿಲ್ಲ?

ಮಾಘ ಮಾಸ ಬಂತೆಂದರೆ ಈ ಸೀಮೆಯ ಹಾದಿಗಳು ಜೀವ ತಳೆಯುತ್ತವೆ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಜನ ಬಂಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಅದೇ ಮಾಸದ ಬಹುಳದಲ್ಲಿ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಬರಿಗಾಲಲ್ಲಿ ಹೊರಟವರು ಗುರು ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಕೊಟ್ಟೂರು ತಲುಪುತ್ತಾರೆ. ದಾರಿಯ ಬದಿಯ ಊರಿನವರು ಅವರಿಗೆ ಅನ್ನ ನೀಡುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ನೀರೆರೆಯುತ್ತಾರೆ. ಆ ಕೆಲವು ದಿನ ನಡೆಯುವವನೇ ದೊಡ್ಡವನು. ವಾಹನಗಳು ಅವನಿಗಾಗಿ ನಿಲ್ಲುತ್ತವೆ.

ತೇರು ತಂಗುಮನೆ ಸೇರಿದ ಮರುದಿನದಿಂದ ಆ ಗೌರವ ಮುಗಿಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಡೆಯುವವರೆಂದರೆ ಕುರಿಗಾಹಿಗಳು, ಸೌದೆಯ ಹೊರೆ ಹೊತ್ತ ಹೆಂಗಸರು, ಹೊಲಕ್ಕೆ ಹೋಗುವ ಕೂಲಿಗಳು, ಬಸ್ಸಿಲ್ಲದ ಊರಿನಿಂದ ಶಾಲೆಗೆ ಹೋಗುವ ಮಕ್ಕಳು. ಇವರ ದಾರಿಯನ್ನು ಉತ್ತರೂ, ಅಗೆದರೂ, ಬೇಲಿ ಹಾಕಿ ಮುಚ್ಚಿದರೂ ಕೇಳುವವರಿಲ್ಲ. ಭಕ್ತನ ದಾರಿಗೆ ಚಪ್ಪರ, ಬಡವನ ದಾರಿಗೆ ಮುಳ್ಳುಬೇಲಿ. ಈ ಇಬ್ಬಗೆಯನ್ನು ಪ್ರಶ್ನಿಸುವ ಕಾಲ ಬಂದಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕೆರೆಯ ಬಗ್ಗೆ ಮಾತನಾಡುವವರಿದ್ದಾರೆ. ಗೋಮಾಳದ ಬಗ್ಗೆ ದೂರು ಕೊಡುವವರೂ ಇದ್ದಾರೆ. ಆದರೆ ಕೆರೆಗೂ ಗೋಮಾಳಕ್ಕೂ ಗುಡ್ಡಕ್ಕೂ ಊರನ್ನು ಜೋಡಿಸುವ ಕಾಲುದಾರಿಯು ತಾನೇ ಒಂದು ಸಂಪನ್ಮೂಲ ಎಂಬ ಅರಿವು ಪರಿಸರ ಚಳವಳಿಗೂ ಪೂರ್ತಿಯಾಗಿ ಬಂದಿಲ್ಲ. ದಾರಿ ಹೋದ ಮೇಲೆ ಗೋಮಾಳ ಉಳಿದರೂ ಏನು ಫಲ? ದನ ಹಾರಿಕೊಂಡು ಹೋಗಲಾರದು.

ದಾರಿಯ ಮೇಲೆ ನಿಂತ ಬೇಸಾಯ

ಮಲೆನಾಡಿನ ಹಸಿರಿಗೆ ಒಗ್ಗಿದ ಕಣ್ಣಿಗೆ ಕೂಡ್ಲಿಗಿಯ ಗುಡ್ಡಗಳು ಬೋಳಾಗಿ ಕಾಣುತ್ತವೆ. ಸರ್ಕಾರದ ಕಣ್ಣಿಗೂ ಹಾಗೆಯೇ. ಕುರುಚಲು ನೆಲವನ್ನು ಪಾಳುಭೂಮಿಯ ಪಟ್ಟಿಗೆ ಸೇರಿಸುವುದು ದೇಶದ ಭೂ ನಕ್ಷೆಗಳ ಹಳೆಯ ರೂಢಿ. ಆದರೆ ಬಂಡೆಗಳ ನಡುವಿನ ಈ ನೆಲದಲ್ಲಿ ಹುಲ್ಲಿದೆ, ತಂಗಡಿಯಿದೆ, ಕಾರೆ, ಕವಳೆ, ಬಾರಿ, ಸೀತಾಫಲಗಳಿವೆ. ಮಳೆ ನಿಂತು ತಿಂಗಳುಗಳಾದರೂ ಬಂಡೆಯ ದೊಣೆಗಳಲ್ಲಿ ನೀರಿರುತ್ತದೆ. ಯಾವ ದೊಣೆಯಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ, ಯಾವ ಇಳಿಜಾರಿನಲ್ಲಿ ಹುಲ್ಲು ಮೊದಲು ಬಲಿಯುತ್ತದೆ ಎಂಬುದನ್ನು ಬಲ್ಲವನು ಕುರಿಗಾಹಿ. ಅವನ ಜ್ಞಾನವೆಲ್ಲ ಬರೆದಿರುವುದು ಅವನು ನಡೆಯುವ ದಾರಿಯಲ್ಲಿ. ದಾರಿ ಅಳಿದರೆ ಆ ಓದೂ ಅಳಿಯುತ್ತದೆ.

ಮಳೆ ಕಡಿಮೆಯಿರುವ, ಮಸಾರಿ ಮಣ್ಣು ಹೆಚ್ಚಾಗಿರುವ ಈ ಸೀಮೆಯಲ್ಲಿ ಸಾವಯವ ಅಂಶವಿಲ್ಲದ ಮಣ್ಣು ತೇವ ಹಿಡಿಯದು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವ ಪದ್ಧತಿ ಬಂದದ್ದೇ ಈ ಕಾರಣದಿಂದ. ಕುರಿಯ ಹಿಕ್ಕೆಯಲ್ಲಿ ದನದ ಸಗಣಿಗಿಂತ ಸಾರಜನಕ ಹೆಚ್ಚು, ಮೂತ್ರವೂ ನೆಲಕ್ಕೇ ಸೇರುತ್ತದೆ, ಸಾಗಾಟದ ಖರ್ಚಿಲ್ಲ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ, ಅಲ್ಲಿಂದ ಗುಡ್ಡಕ್ಕೆ ಮಂದೆ ಸಾಗುವ ದಾರಿಯೇ ಗೊಬ್ಬರ ಸಾಗುವ ದಾರಿ. ಗುಡ್ಡದ ಹುಲ್ಲನ್ನು ಹೊಲದ ಮಣ್ಣಾಗಿ ಬದಲಿಸುವ ಈ ಏರ್ಪಾಡಿಗೆ ಡೀಸೆಲ್ ಬೇಡ, ಸಬ್ಸಿಡಿ ಬೇಡ. ಬೇಕಾದದ್ದು ಕೆಲವು ಅಡಿ ಅಗಲದ ದಾರಿ ಮಾತ್ರ. ಅದನ್ನೂ ಉತ್ತು, ಬಳಿಕ ಗೊಬ್ಬರದಂಗಡಿಯ ಮುಂದೆ ಡಿಎಪಿ ಚೀಲಕ್ಕಾಗಿ ಸಾಲು ನಿಲ್ಲುವ ರೈತ ತನ್ನ ನಷ್ಟದ ಲೆಕ್ಕವನ್ನು ಎಂದಾದರೂ ಹಾಕಿದ್ದಾನೆಯೇ?

ದಾರಿ ಕಳೆದುಹೋಗುವ ಬಗೆ

ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಭಾಗ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿತ್ತು. ಮದರಾಸಿನ ಕಂದಾಯ ಪದ್ಧತಿ ಬಿಟ್ಟುಹೋದ ಗುರುತುಗಳಲ್ಲಿ ‘ಪೊರಂಬೋಕು’ ಎಂಬ ಮಾತೂ ಒಂದು. ಕೆರೆ, ಹಳ್ಳ, ಸ್ಮಶಾನ, ದಾರಿ ಮುಂತಾಗಿ ಸರ್ವರಿಗೂ ಸೇರಿದ, ಯಾರ ಪಟ್ಟಾಕ್ಕೂ ಒಳಪಡದ ನೆಲವೆಂಬುದು ಅದರ ಅರ್ಥ. ಬರುಬರುತ್ತ ಆ ಮಾತಿಗೆ ಯಾರಿಗೂ ಸೇರದ ನೆಲ ಎಂಬ ಅರ್ಥ ಬಂದಿತು. ಈಗ ಅದು ಮೊದಲು ಕೈಹಾಕಿದವನಿಗೆ ಸೇರಿದ ನೆಲವಾಗಿದೆ. ಗ್ರಾಮ ನಕಾಶೆಯನ್ನು ತೆರೆದರೆ ಕಾಲುದಾರಿಗೆ ಒಂಟಿ ತುಂಡುಗೆರೆ, ಬಂಡಿದಾರಿಗೆ ಜೋಡಿ ತುಂಡುಗೆರೆ ಇಂದಿಗೂ ಕಾಣುತ್ತವೆ. ನಕಾಶೆಯನ್ನು ಹಿಡಿದು ಹೊರಟವನಿಗೆ ಅಲ್ಲಿ ಸಿಗುವುದು ಮೆಕ್ಕೆಜೋಳದ ಸಾಲು.

ಇದರಲ್ಲಿ ಮೊದಲ ತಪ್ಪು ಹಳ್ಳಿಗರದೇ. ವರ್ಷಕ್ಕೊಂದು ಸಾಲು ಒತ್ತಿ ಉತ್ತವನು ಹೊರಗಿನವನಲ್ಲ. ಒತ್ತಿದವನು ಬಲಾಢ್ಯನಾದರೆ ಪಂಚಾಯ್ತಿ ಕಟ್ಟೆ ಬಾಯಿ ಮುಚ್ಚಿಕೊಳ್ಳುತ್ತದೆ. ಎರಡನೆಯದು ಬಳ್ಳಾರಿ ಜಾಲಿ. ಬರಡು ನೆಲಕ್ಕೆ ಹಸಿರು ತರಲೆಂದು ಹಬ್ಬಿಸಿದ ಈ ಪರದೇಶಿ ಮುಳ್ಳುಗಿಡವು ಇಂದು ಹಳ್ಳ, ಗೋಮಾಳ, ದಾರಿಗಳನ್ನು ಒಂದೇ ಸಮನೆ ನುಂಗಿದೆ. ಜನ ಓಡಾಡದ ದಾರಿಗೆ ಜಾಲಿ ಬರುತ್ತದೆ. ಜಾಲಿ ಬಂದ ದಾರಿಯಲ್ಲಿ ಜನ ಓಡಾಡುವುದಿಲ್ಲ.

ಮೂರನೆಯದು ಅಭಿವೃದ್ಧಿಯ ಹೆಸರಿನದು. ನೆಡುತೋಪಿನ ಸುತ್ತ ದನ ತಡೆಯಲು ತೋಡುವ ಕಂದಕವು ದನದೊಡನೆ ಮನುಷ್ಯನನ್ನೂ ತಡೆಯುತ್ತದೆ. ಗುಡ್ಡದ ನೆತ್ತಿಗೆ ಗಾಳಿಯಂತ್ರದ ರೆಕ್ಕೆ ಸಾಗಿಸಲು ಯಂತ್ರಗಳು ಅಗಲವಾದ ರಸ್ತೆ ಸೀಳುತ್ತವೆ. ಕಾಲುದಾರಿ ಗುಡ್ಡವನ್ನು ಬಳಸಿ, ಬಾಗಿ, ಇಳಿಜಾರನ್ನು ಗೌರವಿಸಿ ಏರುತ್ತದೆ. ಚರಂಡಿಯ ಕಾಳಜಿಯಿಲ್ಲದೆ ಕಡಿದ ರಸ್ತೆಯು ಮಳೆನೀರನ್ನು ಒಂದೆಡೆ ಕೂಡಿಸಿ ಕೊರಕಲು ಮಾಡುತ್ತದೆ. ಆ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಗಾಳಿಯ ವಿದ್ಯುತ್ತು ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಗುಡ್ಡವನ್ನು ಗುತ್ತಿಗೆಗೆ ಕೊಡುವ ಮುನ್ನ ಅಲ್ಲಿರುವ ಕಾಲುದಾರಿಗಳ ಪಟ್ಟಿಯನ್ನು ಕೇಳಿದ ಅಧಿಕಾರಿ ಎಲ್ಲಿದ್ದಾನೆ? ಕೂಡ್ಲಿಗಿಯ ಮಗ್ಗುಲಲ್ಲೇ ಹಾದ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿ ಚತುಷ್ಪಥವಾದಾಗ ಲಾರಿಗಳ ವೇಗದ ಲೆಕ್ಕ ಹಾಕಲಾಯಿತು. ಮುನ್ನೂರು ಕುರಿಗಳ ಮಂದೆ ಈ ಬದಿಯಿಂದ ಆ ಬದಿಗೆ ದಾಟಲು ಎಷ್ಟು ಹೊತ್ತು ಬೇಕೆಂಬ ಲೆಕ್ಕ ಯಾವ ಎಂಜಿನಿಯರನ ಕಡತದಲ್ಲಿರಬೇಕಿತ್ತು?

ಹೆದ್ದಾರಿಯನ್ನು ಬಲ್ಲ ಕಾನೂನು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಾಡು 2013ರಲ್ಲಿ ಕರಡಿಧಾಮವಾಯಿತು. ದರೋಜಿ ಕರಡಿಧಾಮದ ಬಳಿಕ ಇದು ಈ ಸೀಮೆಯ ಎರಡನೆಯ ಕರಡಿಧಾಮ. ಕರಡಿಗೆ ಇಂಥ ನೆಲೆ ಬೇಕೇ ಬೇಕು. ಗಣಿಗಾರಿಕೆ ಮತ್ತು ಕಲ್ಲುಕ್ವಾರಿಗಳ ನಡುವೆ ಅದಕ್ಕೆ ಉಳಿದಿರುವ ಗವಿಗಳೇ ಕಡಿಮೆ. ತಕರಾರು ಕರಡಿಧಾಮದ ಮೇಲಲ್ಲ. ಅದರೊಳಗಿನ ಮನುಷ್ಯರ ದಾರಿಯನ್ನು ಕಾನೂನು ಕಾಣುವ ಬಗೆಯ ಮೇಲೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 27ನೇ ಕಲಂ ಅಭಯಾರಣ್ಯದೊಳಗೆ ಯಾರು ಹೋಗಬಹುದೆಂಬುದನ್ನು ಹೇಳುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ ಹೋಗಬಹುದು. ಪರವಾನಗಿ ಪಡೆದವನು ಹೋಗಬಹುದು. ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವನು ಹೋಗಬಹುದು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನೂ ಹೋಗಬಹುದು. ಅಜ್ಜನ ಕಾಲದಿಂದ ಕಾಲುದಾರಿಯಲ್ಲಿ ನಡೆದವನ ಹೆಸರು ಅಲ್ಲಿಲ್ಲ. 28ನೇ ಕಲಂ ಪರವಾನಗಿಯ ಉದ್ದೇಶಗಳಲ್ಲಿ ಛಾಯಾಗ್ರಹಣ, ಪ್ರವಾಸಗಳನ್ನು ಸೇರಿಸುತ್ತದೆ. ಹೆದ್ದಾರಿಯಲ್ಲಿ ಕಾರು ಹೋಗಬಹುದು, ಕ್ಯಾಮೆರಾ ಹೊತ್ತವನು ಹೋಗಬಹುದು. ಕಂಬಳಿ ಹೊತ್ತವನು ಮಾತ್ರ ಅತಿಕ್ರಮಿ!

ಜನರ ಹಕ್ಕುಗಳ ವಿಚಾರಣೆ ನಡೆಸಿ, ಮುಂದುವರಿಸಬಹುದಾದ ಹಕ್ಕನ್ನು ಮುಂದುವರಿಸುವ ಅವಕಾಶ ಇದೇ ಕಾಯ್ದೆಯ 24ನೇ ಕಲಮಿನಲ್ಲಿದೆ, ನಿಜ. ಆದರೆ ಮೀಸಲು ಅರಣ್ಯವನ್ನು ಅಭಯಾರಣ್ಯವಾಗಿಸುವಾಗ ಈ ಹೊಸ ವಿಚಾರಣೆ ಅನಿವಾರ್ಯವಲ್ಲ. ಹಿಂದೆಂದೋ ಅರಣ್ಯವನ್ನು ಮೀಸಲಿಟ್ಟಾಗ ಹಕ್ಕುಗಳೆಲ್ಲ ಇತ್ಯರ್ಥವಾದವೆಂಬುದು ಇಲ್ಲಿನ ತರ್ಕ. ಆ ಕಾಲದಲ್ಲಿ ಓದುಬರಹವಿಲ್ಲದ ಹಟ್ಟಿಯ ಜನರಲ್ಲಿ ಎಷ್ಟು ಮಂದಿ ಅರ್ಜಿ ಬರೆದಿರಬಲ್ಲರು? 1927ರ ಭಾರತೀಯ ಅರಣ್ಯ ಕಾಯ್ದೆಯನ್ನು ಬರೆದ ಬ್ರಿಟಿಷರು ಕೂಡ ಮೀಸಲು ಅರಣ್ಯದ ದಾರಿಯೊಂದನ್ನು ಮುಚ್ಚಬೇಕಾದರೆ ಬದಲಿ ದಾರಿ ಇರಬೇಕು ಅಥವಾ ಮಾಡಿಕೊಡಬೇಕು ಎಂದು 25ನೇ ಕಲಮಿನಲ್ಲಿ ಬರೆದಿದ್ದರು. ಪರಕೀಯರ ಕಾನೂನಿಗಿದ್ದಷ್ಟು ವಿವೇಚನೆಯನ್ನು ಸ್ವತಂತ್ರ ದೇಶದ ಆಡಳಿತದಿಂದ ನಿರೀಕ್ಷಿಸುವುದು ತಪ್ಪೇ?

ಬೋಳುಗುಡ್ಡಗಳ ನಾಡಿನಿಂದ ಒಂದು ಪಾಠ

ಇಂಗ್ಲೆಂಡಿನ ನಡುಭಾಗದಲ್ಲಿ ಹುಲ್ಲು, ಪೊದೆ, ಜವುಗುಗಳಿಂದ ಕೂಡಿದ, ಮರಗಳಿಲ್ಲದ ಎತ್ತರದ ಗುಡ್ಡಗಳಿವೆ. ಜಮೀನ್ದಾರರು ಹಕ್ಕಿ ಬೇಟೆಗಾಗಿ ಅವನ್ನು ಜನರಿಗೆ ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಮೊದಲಾದ ಗಿರಣಿ ಊರುಗಳ ನೂರಾರು ಯುವ ಕೆಲಸಗಾರರು ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಸಾಮೂಹಿಕವಾಗಿ ಏರಿದರು. ಐವರು ಜೈಲಿಗೆ ಹೋದರು. ಆದರೆ ಆ ನಡಿಗೆ ವ್ಯರ್ಥವಾಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು; 1951ರಲ್ಲಿ ಅದೇ ಗುಡ್ಡಗಳು ಪೀಕ್ ಡಿಸ್ಟ್ರಿಕ್ಟ್ ಹೆಸರಿನಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಾಯ್ದೆಯು ಉದ್ಯಾನಗಳನ್ನು ಸ್ಥಾಪಿಸಿದ್ದಷ್ಟೇ ಅಲ್ಲ, ಪ್ರತಿ ಜಿಲ್ಲಾಡಳಿತವೂ ಸಾರ್ವಜನಿಕರ ಕಾಲುದಾರಿಗಳನ್ನು ಸರ್ವೆ ಮಾಡಿ ಅಧಿಕೃತ ನಕ್ಷೆ ತಯಾರಿಸಬೇಕೆಂದು ಕಡ್ಡಾಯಗೊಳಿಸಿತು. ಆ ನಕ್ಷೆಯಲ್ಲಿ ದಾರಿಯಿದ್ದರೆ ಅದೇ ಹಕ್ಕಿನ ಪುರಾವೆ. ದಾರಿ ಯಾರ ಜಮೀನಿನಲ್ಲಿ ಹಾದರೂ ಮುಚ್ಚುವಂತಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸುಗಮವಲ್ಲ. ಡಾರ್ಟ್‌ಮೂರ್ ಉದ್ಯಾನದ ಸಾಮುದಾಯಿಕ ಗುಡ್ಡಗಳಲ್ಲಿ ನಡೆದುಹೋದವರು ರಾತ್ರಿ ತಂಗುವ ಹಕ್ಕನ್ನು ಭೂಮಾಲೀಕರು ಪ್ರಶ್ನಿಸಿದರು. ಆ ಹಕ್ಕಿದೆಯೆಂದು ಅಲ್ಲಿನ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ನಡೆಯುವವರು ಹೆಚ್ಚಾದಾಗ ಜವುಗು ನೆಲ ಸವೆದು ದಾರಿ ಹತ್ತಾರು ಗಜ ಅಗಲವಾದದ್ದೂ ಉಂಟು. ಆಗ ದಾರಿಯನ್ನು ಮುಚ್ಚಿಬಿಡಲಿಲ್ಲ. ಪಾಳುಬಿದ್ದ ಗಿರಣಿಗಳ ಚಪ್ಪಡಿ ಕಲ್ಲುಗಳನ್ನು ತಂದು ಹಾಸಿ, ನಡಿಗೆಯನ್ನು ಒಂದು ಸಾಲಿಗೆ ತಂದರು. ಕಲ್ಲಿಗೆ ಬರವಿಲ್ಲದ ಕೂಡ್ಲಿಗಿಗೆ ಇದು ಅರ್ಥವಾಗದ ವಿದ್ಯೆಯಲ್ಲ.

ಚಾರಣಿಗನಿಗೆ ಚೀಟಿ, ಕುರಿಗಾಹಿಗೆ ದಂಡ

ಕರ್ನಾಟಕದಲ್ಲಿ ಗುಡ್ಡದ ದಾರಿಯ ಬಗ್ಗೆ ಸರ್ಕಾರ ಎಚ್ಚೆತ್ತದ್ದು ಯಾವಾಗ? 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತಕ್ಕೆ ಚಾರಣಿಗರು ಜಾತ್ರೆಯಂತೆ ನುಗ್ಗಿದಾಗ. ಆ ಮೇಲೆ ಆನ್‌ಲೈನ್ ಕಾಯ್ದಿರಿಸುವಿಕೆ ಬಂತು, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು. ಮಿತಿ ಸರಿಯಾದದ್ದೇ. ಕುದುರೆಮುಖದ ಹುಲ್ಲುಗಾವಲು ಪ್ಲಾಸ್ಟಿಕ್ ತಿನ್ನಲು ಹುಟ್ಟಿದ್ದಲ್ಲ. ಆದರೆ ಈ ವ್ಯವಸ್ಥೆಯ ಒಳದನಿಯನ್ನು ಗುಡ್ಡದೂರಿನವರು ಗಮನಿಸಬೇಕು. ಗುಡ್ಡದ ದಾರಿಯೆಂದರೆ ಶುಲ್ಕ ಕೊಟ್ಟು ಪಡೆಯುವ ವಿರಾಮದ ಸರಕು ಎಂಬ ಕಲ್ಪನೆ ಅದರಲ್ಲಿದೆ. ನಾಳೆ ಗುಡೇಕೋಟೆಯ ಬಂಡೆಗಳಿಗೂ, ಉಚ್ಚಂಗಿದುರ್ಗದ ಬೆಟ್ಟಕ್ಕೂ ಇದೇ ಬಗೆಯ ಚಾರಣಪಥದ ಯೋಜನೆ ಬರಬಹುದು. ಬರಲಿ. ಆದರೆ ಹಳ್ಳಿಯವರ ಹಳೆಯ ದಾರಿಗಳನ್ನು ಗುರುತಿಸಿ, ಹಕ್ಕೆಂದು ಬರೆದುಕೊಟ್ಟ ಬಳಿಕವೇ ಬರಲಿ. ಅದಿಲ್ಲದೆ ಬಂದ ಚಾರಣಪಥವು ಊರವರ ದಾರಿಯನ್ನೇ ಕಿತ್ತು ಪಟ್ಟಣದವರಿಗೆ ಮಾರಿದಂತೆ.

ಕರಡಿಯ ಪಾಲು

ಇದಕ್ಕೆ ಎದುರುವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಾಡಿನೊಳಗೆ ಜನರ ಓಡಾಟ ಹೆಚ್ಚಿದರೆ ಕರಡಿಗೆ ನೆಮ್ಮದಿಯಿಲ್ಲ, ಮನುಷ್ಯರಿಗೂ ಅಪಾಯ. ಕರಡಿ ದಾಳಿಗೆ ಸಿಕ್ಕು ಮುಖ, ಕೈಕಾಲು ಕಳೆದುಕೊಂಡವರ ನೋವು ಗುಡ್ಡದಂಚಿನ ಊರುಗಳಿಗೆ ಹೊಸತಲ್ಲ. ಆದರೆ ಈ ವಾದದಿಂದ ಹೊರಡಬೇಕಾದದ್ದು ನಿಷೇಧವಲ್ಲ, ಹೊತ್ತಿನ ಹಂಚಿಕೆ. ಕರಡಿ ಬಹುಮಟ್ಟಿಗೆ ಸಂಜೆಯಿಂದ ಬೆಳಗಿನವರೆಗೆ ಓಡಾಡುವ ಪ್ರಾಣಿ. ಬಿಸಿಲೇರಿದಾಗ ಗವಿ, ಪೊದೆಗಳಲ್ಲಿ ಮಲಗುತ್ತದೆ. ಕಣ್ಣು, ಕಿವಿಗಳಿಗಿಂತ ಮೂಗನ್ನು ನಂಬುತ್ತದೆ. ಮೈಮರೆತು ಗೆದ್ದಲು ಬಗೆಯುತ್ತಿರುವಾಗ ಮನುಷ್ಯ ತೀರ ಹತ್ತಿರ ಬಂದುಬಿಟ್ಟರೆ ಬೆದರಿ ಮೇಲೆ ಬೀಳುತ್ತದೆ. ಆದುದರಿಂದಲೇ ಹಿರಿಯರು ಒಂಟಿಯಾಗಿ ಹೋಗಬೇಡ, ಮಾತನಾಡುತ್ತ ಹೋಗು, ಹೊತ್ತು ಮುಳುಗುವ ಮುನ್ನ ಮರಳು ಎಂದದ್ದು.

ಎಲ್ಲರೂ ಬಲ್ಲ, ಸವೆದ, ಎದುರಿಗೆ ದೂರದವರೆಗೆ ಕಾಣುವ ದಾರಿಯು ಕರಡಿಗೂ ಮನುಷ್ಯನಿಗೂ ಕ್ಷೇಮ. ಆ ದಾರಿಯನ್ನು ಮುಚ್ಚಿದರೆ ಜನ ಹೋಗುವುದನ್ನು ಬಿಡುವುದಿಲ್ಲ. ಕದ್ದು, ಮಬ್ಬಿನಲ್ಲಿ, ಜಾಲಿಯ ಸಂದಿಯಲ್ಲಿ ನುಸುಳುತ್ತಾರೆ. ಮರಿಯೊಡನಿರುವ ತಾಯಿ ಕರಡಿ ಎದುರಾಗುವುದು ಅಂಥ ಕಡೆಯೇ. ಇದಕ್ಕೆ ಹಳ್ಳಿಗರು ತೆರಬೇಕಾದ ಬೆಲೆಯೂ ಉಂಟು. ಹುಲ್ಲಿಗೆ ಬೆಂಕಿ ಹಾಕುವುದು ನಿಲ್ಲಬೇಕು. ಕವಳೆ, ಬಾರಿ, ಸೀತಾಫಲಗಳನ್ನು ಮರ ಬೋಳಾಗುವಂತೆ ಕಿತ್ತು ಮಾರುವುದು ನಿಲ್ಲಬೇಕು. ಅದು ಕರಡಿಯ ಪಾಲು. ಗವಿಗಳ ಬಳಿಯ ಒಂದೆರಡು ದಾರಿಗಳನ್ನು ಊರೇ ಮುಂದೆ ನಿಂತು ಬಿಟ್ಟುಕೊಡಬೇಕಾಗಬಹುದು. ಹಾಗೆ ಬಿಟ್ಟುಕೊಡಲು ಮೊದಲು ಅದು ಊರಿನದೆಂದು ಒಪ್ಪಬೇಕಲ್ಲವೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಇದಕ್ಕೆ ಹತ್ತಿರದ ನಿದರ್ಶನ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ತಾಣವಾದ ಆ ಕೆರೆಯ ಹಕ್ಕಿಗಳು ಊರಿನ ನೆರೆಯಲ್ಲೇ ಗೂಡು ಕಟ್ಟಿವೆ. ಊರನ್ನು ಓಡಿಸಿ ಹಕ್ಕಿಯನ್ನು ಉಳಿಸಿದ್ದಲ್ಲ.

ಆಗಬೇಕಾದ ಕೆಲಸ

ಕಾನೂನು ಪೂರ್ತಿಯಾಗಿ ಕೈಬಿಟ್ಟಿಲ್ಲ. ಅದನ್ನು ಕೈಗೆತ್ತಿಕೊಂಡವರು ಕಡಿಮೆ.

ಒಂದು, ಖಾಸಗಿ ಹೊಲದ ಮೂಲಕ 20 ವರ್ಷ, ಸರ್ಕಾರಿ ನೆಲದ ಮೂಲಕ 30 ವರ್ಷ ಹಕ್ಕೆಂದು ತಿಳಿದು ಬಹಿರಂಗವಾಗಿ, ಶಾಂತವಾಗಿ, ಅಡೆತಡೆಯಿಲ್ಲದೆ ನಡೆದ ದಾರಿಯ ಹಕ್ಕನ್ನು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೇ ಕಲಂ ಮಾನ್ಯ ಮಾಡುತ್ತದೆ. ಅಡ್ಡಿಯಾದ ಕೂಡಲೇ ಲಿಖಿತ ದೂರು ಕೊಡಬೇಕು. ಸುಮ್ಮನಿದ್ದಷ್ಟೂ ಹಕ್ಕು ಸಡಿಲಾಗುತ್ತದೆ.

ಎರಡು, ಊರಿನ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆ ಮಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ನೂರು ಜಾನುವಾರುಗಳಿಗೆ 30 ಎಕರೆ ಗೋಮಾಳವಿರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ಗೋಮಾಳದ ಅರ್ಜಿಯಲ್ಲಿ ಗೋಮಾಳದ ದಾರಿಯನ್ನೂ ಸೇರಿಸಿ ಕೇಳಬೇಕು.

ಮೂರು, ಅರಣ್ಯದೊಳಗಿನ ದಾರಿಗಳಿಗೆ 2006ರ ಅರಣ್ಯ ಹಕ್ಕುಗಳ ಕಾಯ್ದೆಯೇ ಆಸರೆ. ಅಭಯಾರಣ್ಯಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಮೇಯಿಸುವ ಹಕ್ಕು, ಅಲೆಮಾರಿ ಪಶುಪಾಲಕರ ಋತುಮಾನದ ಪ್ರವೇಶ, ಬೇಟೆಯ ಹೊರತು ರೂಢಿಯಿಂದ ಬಂದ ಇತರ ಹಕ್ಕುಗಳು ಅದರ 3ನೇ ಕಲಮಿನಲ್ಲಿವೆ. ಅರಣ್ಯವನ್ನೇ ನೆಚ್ಚಿದ ಪರಿಶಿಷ್ಟ ಪಂಗಡದವರಿಗೆ ಹಾದಿ ಸುಲಭ. ಇತರರು 75 ವರ್ಷಗಳ ಪುರಾವೆ ತೋರಿಸಬೇಕು. ಹಳೆಯ ನಕಾಶೆ, ಸರ್ವೆ ದಾಖಲೆ, ಊರ ಹಿರಿಯರ ಲಿಖಿತ ಹೇಳಿಕೆ ಇವೆಲ್ಲ ನಿಯಮದ ಪ್ರಕಾರ ಪುರಾವೆಗಳೇ. ಗ್ರಾಮಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ರಚಿಸಿ, ಸಾಮುದಾಯಿಕ ಹಕ್ಕಿನ ‘ಬಿ’ ನಮೂನೆಯಲ್ಲಿ ಪ್ರತಿಯೊಂದು ದಾರಿಯನ್ನೂ ಹೆಸರಿಟ್ಟು ಕೇಳಬೇಕು.

ನಾಲ್ಕು, ಈ ಕೆಲಸ ವಿದ್ಯಾರ್ಥಿಗಳದು. ಗ್ರಾಮ ನಕಾಶೆಯ ಪ್ರತಿ ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಕೈಯಲ್ಲಿ ಮೊಬೈಲು, ಜೊತೆಯಲ್ಲಿ ಒಬ್ಬ ಹಿರಿಯ ಕುರಿಗಾಹಿ, ಹೆಗಲಿಗೊಂದು ನೀರಿನ ಬಾಟಲಿ ಇಷ್ಟಿದ್ದರೆ ಒಂದು ಬೇಸಿಗೆ ರಜೆಯಲ್ಲಿ ಒಂದು ಊರಿನ ದಾರಿಗಳೆಲ್ಲ ದಾಖಲಾಗುತ್ತವೆ. ಎಲ್ಲಿ ಮುಚ್ಚಿದೆ, ಯಾವ ದೊಣೆಗೆ ಹೋಗುತ್ತದೆ, ಯಾವ ತಿಂಗಳು ಬಳಕೆ, ಕರಡಿಯ ಗುರುತು ಎಲ್ಲಿ ಎಂಬುದನ್ನು ಬರೆದು, 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯ್ತಿಯಲ್ಲಿರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಬೇಕು.

ಐದು, ವರ್ಷಕ್ಕೊಮ್ಮೆ ಊರಿನವರೆಲ್ಲ ತಮ್ಮ ದಾರಿಗಳನ್ನು ನಡೆದು ನೋಡಬೇಕು. ಜಾಲಿ ಕಡಿಯಬೇಕು. ಒತ್ತಿ ಉತ್ತವನು ನೆಂಟನಾದರೂ ಕೇಳಬೇಕು. ತನ್ನ ಹೊಲದಂಚಿನ ಎರಡು ಗಜ ಬಿಟ್ಟುಕೊಡದವನು ಸರ್ಕಾರದ ಎದುರು ಯಾವ ಮುಖದಿಂದ ನಿಂತಾನು?

ಗಾಂಧೀಜಿಯ ಚಿತಾಭಸ್ಮದ ಸ್ಮಾರಕವೊಂದು ಕೂಡ್ಲಿಗಿಯಲ್ಲಿದೆ. 1930ರಲ್ಲಿ ಅವರು ಉಪ್ಪಿನ ಕಾಯ್ದೆಯನ್ನು ಮುರಿಯಲು ಆರಿಸಿಕೊಂಡದ್ದು ನಡಿಗೆಯನ್ನು. ಇಲ್ಲಿ ಕಾಯ್ದೆ ಮುರಿಯುವ ಅಗತ್ಯವೂ ಇಲ್ಲ. ಇರುವ ಕಾಯ್ದೆಯನ್ನು ಹಿಡಿದು, ನಕಾಶೆಯಲ್ಲಿರುವ ಗೆರೆಯ ಮೇಲೆ, ಊರಿನ ಜನ ಒಟ್ಟಾಗಿ ನಡೆದರೆ ಸಾಕು. ಮುಂದಿನ ಮಾಘದಲ್ಲಿ ಕೊಟ್ಟೂರಿನ ಭಕ್ತರಿಗೆ ಮಜ್ಜಿಗೆ ಕೊಡುವ ಊರುಗಳು, ಅದಕ್ಕೆ ಮುನ್ನ ತಮ್ಮೂರ ಕುರಿಗಾಹಿಯ ದಾರಿಯ ಮುಳ್ಳನ್ನು ತೆಗೆಯಲಿ.